ನಿರಾಶೆ ಪಾಪವಾ? ಪಾಪನಿವೇದನೆಗೆ ಹೋಗುವ ಮುಂಚೆ ಒಮ್ಮೆ ಓದಿ

ಇಪ್ಪತ್ತೆರಡು ವರ್ಷದಿಂದ ನಮ್ಮ ಚರ್ಚಿನಲ್ಲಿ ಭಾನುವಾರದ ಪೂಜೆ ಮುಗಿದ ಮೇಲೆ ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಡುತ್ತಿದ್ದೇನೆ. ಮಕ್ಕಳು ಯಾವತ್ತೂ ಕೇಳದ ಒಂದು ಪ್ರಶ್ನೆಯನ್ನು ಅವರನ್ನು ಕರೆದುಕೊಂಡು ಹೋಗಲು ಬರುವ ಅಮ್ಮಂದಿರು ಕೇಳುತ್ತಾರೆ. ಎಲ್ಲರೂ ಹೋಗುವವರೆಗೆ ಕಾದು ಮೆಲ್ಲಗೆ ಕೇಳುತ್ತಾರೆ. "ಟೀಚರ್, ಯಾವುದರ ಮೇಲೂ ಭರವಸೆ ಉಳಿದಿಲ್ಲ ನನಗೆ. ಇದು ಪಾಪ ಅಲ್ವಾ?"

ಅಮ್ಮ ತೀರಿಕೊಂಡ ವರ್ಷ ನನ್ನದೂ ಇದೇ ಪ್ರಶ್ನೆ. ಜಪಸರ ಹಿಡಿದರೆ ಮೂರನೇ ಮಣಿಗೆ ಬಾಯಿ ಕಟ್ಟುತ್ತಿತ್ತು. ನೆಂಟರಲ್ಲಿ ಹಿರಿಯರೊಬ್ಬರು "ದೇವರನ್ನು ನಂಬಿದವರು ಹೀಗೆ ಕೂತ್ಕೊಳ್ಳಲ್ಲ, ಇದು ಪಾಪ" ಅಂದರು. ಆ ಒಂದು ಮಾತಿಗೆ ಹೆದರಿ ಎಂಟು ತಿಂಗಳು ಪಾಪನಿವೇದನೆ ಕಡೆ, ಅಂದರೆ ಗುರುಗಳ ಮುಂದೆ ಪಾಪ ಹೇಳಿಕೊಂಡು ಕ್ಷಮೆ ಕೇಳುವ ಕಡೆ, ತಲೆ ಹಾಕಲಿಲ್ಲ. ನಿಮಗೆ ಹಾಗಾಗಬಾರದು.

ಮೊದಲು ಧರ್ಮಸಭೆ, ಅಂದರೆ ನಮ್ಮ ಕಥೋಲಿಕ ಚರ್ಚು, ಏನು ಹೇಳುತ್ತದೆ ಅಂತ ಸರಿಯಾಗಿ ತಿಳಿದುಕೊಳ್ಳಿ. 1992ರಲ್ಲಿ ಬಂದ ಕಥೋಲಿಕ ಧರ್ಮೋಪದೇಶ ಗ್ರಂಥದ 2091ನೇ ಪರಿಚ್ಛೇದದಲ್ಲಿ ಇದು ಇದೆ. ನಿರಾಶೆ ಪಾಪವೇ, ಅದರಲ್ಲಿ ಎರಡು ಮಾತಿಲ್ಲ. ಹತ್ತು ಕಟ್ಟಳೆಗಳಲ್ಲಿ ಮೊದಲನೆಯದಕ್ಕೇ ವಿರುದ್ಧ. ಆದರೆ ಅಲ್ಲಿ ನಿರಾಶೆ ಅಂದರೆ ಮನಸ್ಸು ಕುಗ್ಗುವುದಲ್ಲ. ದೇವರಿಂದ ನನಗೆ ರಕ್ಷಣೆ ಇಲ್ಲ, ಸಹಾಯ ಇಲ್ಲ, ನನ್ನ ಪಾಪಕ್ಕೆ ಕ್ಷಮೆ ಇಲ್ಲ ಅಂತ ಆ ನಿರೀಕ್ಷೆಯನ್ನೇ ಬಿಟ್ಟುಬಿಡುವುದು. ಇದನ್ನು ಇಷ್ಟು ಗಟ್ಟಿಯಾಗಿ ಯಾಕೆ ಹೇಳುತ್ತಾರೆ? ಬೇರೆ ಯಾವ ಪಾಪ ಮಾಡಿದವನೂ ಕ್ಷಮೆ ಕೇಳಲು ಬರಬಹುದು. ಕ್ಷಮೆಯೇ ಇಲ್ಲ ಅಂದುಕೊಂಡವನು ಬರುವುದೇ ಇಲ್ಲ. 13ನೇ ಶತಮಾನದಲ್ಲಿ ಸಂತ ಥಾಮಸ್ ಅಕ್ವಿನಾಸ್ ಕೂಡ ನಿರಾಶೆ ಎಲ್ಲಕ್ಕಿಂತ ದೊಡ್ಡ ಪಾಪ ಅನ್ನಲಿಲ್ಲ, ನಮಗೆ ತುಂಬಾ ಅಪಾಯದ್ದು ಅಂದರು.

ಈಗ ಒಂದು ಕಡೆ ಕೂತು ನಿಮ್ಮನ್ನೇ ಕೇಳಿಕೊಳ್ಳಿ. "ದೇವರ ಕ್ಷಮೆ ನನಗೆ ಬೇಡ, ಕೇಳೋದೂ ಇಲ್ಲ" ಅಂತ ತಿಳಿದೂ ತಿಳಿದೂ ತೀರ್ಮಾನ ಮಾಡಿದ್ದೀರಾ? ಅಥವಾ "ಕ್ಷಮಿಸ್ತಾನೋ ಇಲ್ಲವೋ" ಅನ್ನುವ ಭಯವಾ? ಭಯವಾದರೆ ಅದು ನಿರಾಶೆಯ ಪಾಪ ಅಲ್ಲ. ಬೇಕು ಅನ್ನಿಸಿದ್ದಕ್ಕೇ ತಾನೇ ಸಿಗುತ್ತೋ ಇಲ್ಲವೋ ಅಂತ ಭಯ? ಮಾರಕ ಪಾಪ, ಅಂದರೆ ದೇವರ ಸಂಬಂಧವನ್ನೇ ಕಡಿಯುವ ಪಾಪ, ಆಗಬೇಕಾದರೆ ಮೂರೂ ಸೇರಬೇಕು: ವಿಷಯ ಗಂಭೀರವಾಗಿರಬೇಕು, ಪೂರ್ತಿ ಅರಿವಿರಬೇಕು, ಮನಸಾರೆ ಒಪ್ಪಿರಬೇಕು. ರಾತ್ರಿ ಮೂರು ಗಂಟೆಗೆ ತಾನಾಗಿ ಬಂದು ಎದೆ ಮೇಲೆ ಕೂರುವ ಯೋಚನೆಗೆ ನೀವೇನು ಒಪ್ಪಿಗೆ ಕೊಟ್ಟಿರುತ್ತೀರಾ? ಖಿನ್ನತೆ ಕಾಯಿಲೆ. ಜ್ವರ ಬಂದರೆ ಪಾಪ ಅಂತೀವಾ?

ಸಂತ ಫ್ರಾನ್ಸಿಸ್ ದೆ ಸಾಲ್ ಅವರ ಕಥೆಯನ್ನು ನಾನು ಎಲ್ಲರಿಗೂ ಹೇಳುತ್ತೇನೆ. ಅವರಿಗೆ ಆಗ ಸುಮಾರು ಹತ್ತೊಂಬತ್ತು ವರ್ಷ, ಪ್ಯಾರಿಸ್‌ನಲ್ಲಿ ಓದುತ್ತಿದ್ದರು. ಯಾರಿಗೆ ಸ್ವರ್ಗ, ಯಾರಿಗೆ ನರಕ ಅಂತ ದೇವರು ಮೊದಲೇ ಬರೆದಿಟ್ಟಿದ್ದಾನಾ ಅನ್ನುವ ವಾದ ಆಗ ಅಲ್ಲಿ ಜೋರಾಗಿತ್ತು. ಹುಡುಗನ ತಲೆಗೆ ಒಂದೇ ಹೊಕ್ಕಿತು: ನನಗೆ ನರಕವೇ. ಊಟ ಸೇರಲಿಲ್ಲ, ನಿದ್ದೆ ಬರಲಿಲ್ಲ, ಮೈ ಇಳಿದುಹೋಯಿತು. ವಾರಗಟ್ಟಲೆ ಹೀಗೇ ನಡೆಯಿತು. 1587ರ ಸುಮಾರಿಗೆ ಒಂದು ದಿನ ಒಂದು ಚರ್ಚಿಗೆ ಹೋಗಿ ಮಾತೆ ಮರಿಯಮ್ಮನವರ ಮೂರ್ತಿಯ ಮುಂದೆ ಮೊಣಕಾಲೂರಿದರು. ಆ ಪ್ರಾರ್ಥನೆಯ ಸಾರ ಇಷ್ಟೇ: ಸತ್ತ ಮೇಲೆ ನಿನ್ನನ್ನು ಪ್ರೀತಿಸುವ ಭಾಗ್ಯ ಇಲ್ಲದಿದ್ದರೆ ಬೇಡ ಸ್ವಾಮಿ, ಬದುಕಿರುವಷ್ಟು ದಿನವಾದರೂ ಪ್ರೀತಿಸಲು ಬಿಡು. ಆಮೇಲೆ ಆ ಭಾರ ಇಳಿಯಿತು. ಅದೇ ಹುಡುಗನನ್ನು 1665ರಲ್ಲಿ ಧರ್ಮಸಭೆ ಸಂತ ಎಂದು ಸಾರಿತು.

ಪಾಪನಿವೇದನೆಗೆ ಖಂಡಿತ ಹೋಗಿ. ಆದರೆ ಭಾನುವಾರ ಪೂಜೆಗೆ ಐದು ನಿಮಿಷ ಇರುವಾಗ ಸಾಲಿನಲ್ಲಿ ನಿಲ್ಲಬೇಡಿ. "ಫಾದರ್, ಸ್ವಲ್ಪ ಜಾಸ್ತಿ ಹೊತ್ತು ಬೇಕು" ಅಂತ ಮೊದಲೇ ಕೇಳಿ, ವಾರದ ನಡುವೆ ಹೋಗಿ. ಹೋದವರು "ನಿರಾಶೆಯ ಪಾಪ ಮಾಡಿದೆ" ಅಂತ ನೀವೇ ತೀರ್ಪು ಕೊಟ್ಟುಕೊಳ್ಳಬೇಡಿ. ಎಷ್ಟು ದಿನದಿಂದ ಹೀಗಿದೆ, ಯಾವಾಗ ಶುರುವಾಯಿತು, ಏನು ಯೋಚನೆ ಬರುತ್ತದೆ, ಅದನ್ನು ಹೇಳಿ. ಎಂಟು ತಿಂಗಳ ಮೇಲೆ ನಾನು ಹೋದಾಗ ಮರದ ಜಾಲರಿಯ ಆಚೆಯಿಂದ ಗುರುಗಳು ಕೇಳಿದ ಮೊದಲ ಪ್ರಶ್ನೆ, "ನಿದ್ದೆ ಬರುತ್ತಾ ಅಮ್ಮಾ?" ನಾನು ಗಂಟೆಗಟ್ಟಲೆ ಪ್ರಾರ್ಥನೆ ಮಾಡು ಅಂತಾರೆ ಅಂದುಕೊಂಡಿದ್ದೆ. ಸಿಕ್ಕ ಪ್ರಾಯಶ್ಚಿತ್ತ ಇದು: ಒಂದು ವಾರ ರಾತ್ರಿ ಊಟ ಬಿಡಬಾರದು, ಮಲಗುವಾಗ ಒಂದೇ ಒಂದು ನಮೋ ಮರಿಯ ಪ್ರಾರ್ಥನೆ. ಆಮೇಲೆ ಡಾಕ್ಟರ್ ಹತ್ತಿರ ಹೋಗಬೇಕು.

ಕ್ಷಮೆ ಸಿಕ್ಕ ಮೇಲೂ "ಸರಿಯಾಗಿ ಹೇಳಲಿಲ್ಲವೇನೋ" ಅಂತ ಮತ್ತೆ ಮತ್ತೆ ಅದೇ ಪಾಪ ಹೇಳಬೇಕು ಅನ್ನಿಸುತ್ತಾ? ಹಾಗಾದರೆ ಒಬ್ಬರೇ ಗುರುಗಳ ಹತ್ತಿರ ಹೋಗಿ, ಅವರು ಸಾಕು ಅಂದರೆ ಸಾಕು. ಪಾಪನಿವೇದನೆ ಕೇಳುವ ಗುರುಗಳಿಗೇ ಪಾಠ ಬರೆದ ಸಂತ ಅಲ್ಫೋನ್ಸ್ ಲಿಗೋರಿ ಅವರಿಗೂ ಈ ಕಾಟ ಇತ್ತು.

ಪ್ರಾರ್ಥನೆ ಬಾರದ ದಿನಗಳಿಗೆ ಕೀರ್ತನೆ 88 ಇಟ್ಟುಕೊಳ್ಳಿ. ಅದು ಕತ್ತಲಲ್ಲಿ ಶುರುವಾಗಿ ಕತ್ತಲಲ್ಲೇ ಮುಗಿಯುತ್ತದೆ. ಆದರೂ ಬೈಬಲ್ಲಿನಲ್ಲಿದೆ, ಅದೂ ಪ್ರಾರ್ಥನೆಯೇ. ಅಷ್ಟೂ ಆಗದಿದ್ದರೆ ಪ್ರವಾದಿ ಎಲೀಯನನ್ನು ನೆನೆಯಿರಿ. ಜಾಲಿ ಗಿಡದ ಕೆಳಗೆ ಕೂತು "ಸಾಕು ಸ್ವಾಮಿ, ನನ್ನ ಪ್ರಾಣ ತೆಗೆದುಕೋ" ಅಂದವನು ಅವನು. ದೇವದೂತ ಬಂದು ಬುದ್ಧಿ ಹೇಳಲಿಲ್ಲ, ಬೈಯಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ತಂಬಿಗೆ ನೀರು. ತಿಂದು ಮಲಗಿದ. ಮತ್ತೆ ಎಬ್ಬಿಸಿ ಮತ್ತೆ ತಿನ್ನಿಸಿದ. ಮನೆಯಲ್ಲಿ ಯಾರಾದರೂ ಹೀಗೆ ಕೂತಿದ್ದರೆ ನೀವು ಮಾಡಬೇಕಾದದ್ದೂ ಇದೇ. "ಪಾಪ" ಅನ್ನುವ ಪದ ಮಾತ್ರ ಬಾಯಿಗೆ ತರಬೇಡಿ.

ಸಾಯುವ ಯೋಚನೆ ಬರುತ್ತಿದ್ದರೆ ಗುರುಗಳು ಸಿಗುವವರೆಗೆ, ಪಾಪನಿವೇದನೆಯ ದಿನ ಬರುವವರೆಗೆ ಕಾಯಬೇಡಿ. ಈಗಲೇ ಪಕ್ಕದಲ್ಲಿರುವವರಿಗೆ ಬಾಯಿಬಿಟ್ಟು ಹೇಳಿ. 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಇನ್ನೊಂದು ವಿಷಯ ಹೇಳಲೇಬೇಕು. ನನ್ನ ಚಿಕ್ಕಪ್ಪ 1978ರಲ್ಲಿ ತಾವಾಗಿ ಜೀವ ಕಳೆದುಕೊಂಡರು. ಬೇಕಂತಲೇ ಹಾಗೆ ಸತ್ತವರಿಗೆ ಧರ್ಮಸಭೆಯ ಅಂತ್ಯಕ್ರಿಯೆ ಇಲ್ಲ ಅನ್ನುವ 1917ರ ಕಾನೂನು ಆಗ ಇನ್ನೂ ಇತ್ತು. ಊರಲ್ಲಿ ಅವರನ್ನು ಬೇಲಿ ಪಕ್ಕ ಮಣ್ಣು ಮಾಡಿದರು, ಪ್ರಾರ್ಥನೆ ಇಲ್ಲ, ಶಿಲುಬೆ ಇಲ್ಲ. ಅಜ್ಜಿ ಸಾಯುವವರೆಗೂ ಅವರ ಹೆಸರನ್ನು ಗಟ್ಟಿಯಾಗಿ ಹೇಳಲಿಲ್ಲ. 1983ರ ಹೊಸ ಕಾನೂನಿನಲ್ಲಿ ಆ ಮಾತು ಇಲ್ಲ. ಮನಸ್ಸು ಕೆಟ್ಟಾಗ, ಸಂಕಟದಲ್ಲಿದ್ದಾಗ ಮನುಷ್ಯನ ಹೊಣೆ ಕಡಿಮೆಯಾಗುತ್ತದೆ ಅಂತ ಧರ್ಮೋಪದೇಶದ 2282 ಹೇಳುತ್ತದೆ. ಹಾಗೆ ಸತ್ತವರ ರಕ್ಷಣೆಯ ಬಗ್ಗೆ ನಾವೂ ನಿರಾಶರಾಗಬಾರದು ಅಂತ 2283 ಹೇಳುತ್ತದೆ. ಧರ್ಮಸಭೆ ಅವರಿಗಾಗಿ ಪ್ರಾರ್ಥಿಸುತ್ತದೆ.

ನಿಮ್ಮ ಮನೆಯಲ್ಲೂ ಹಾಗೆ ಯಾರಾದರೂ ಹೋಗಿದ್ದರೆ ಹೆಸರು ಮುಚ್ಚಿಡಬೇಡಿ, ಅವರಿಗೂ ಪೂಜೆ ಹೇಳಿಸಿ. ನವೆಂಬರ್ 2, ಸತ್ತವರನ್ನು ನೆನೆಯುವ ದಿನ, ನಮ್ಮ ಚರ್ಚಿನಲ್ಲಿ ಹೆಸರು ಬರೆದ ಚೀಟಿ ತೆಗೆದುಕೊಳ್ಳುತ್ತಾರೆ. ನಾಲ್ಕು ವರ್ಷದಿಂದ ನನ್ನ ಚೀಟಿಯಲ್ಲಿ ಅಪ್ಪ, ಅಮ್ಮನ ಹೆಸರಿಗಿಂತ ಮೇಲೆ ಚಿಕ್ಕಪ್ಪನ ಹೆಸರಿರುತ್ತದೆ.