18 ಸಾವಿರ, ಹಳೇ ಡಬ್ಬಾ, ಸೆಕೆಂಡ್ ಹ್ಯಾಂಡ್ ಕಾರ್ಡ್: ನನ್ನ ಅನುಭವ

"ಈ ಕಂಪ್ಯೂಟರ್ ಡಬ್ಬಾಗೆ 6600 ಗ್ರಾಫಿಕ್ಸ್ ಕಾರ್ಡ್ ಹಾಕ್ತೀಯಾ? ಕುಂಟು ಕುದುರೆಗೆ ಬೆಳ್ಳಿ ಲಾಳ ಹೊಡೆಸಿದ ಹಾಗಾಯ್ತು" ಅಂದಿದ್ದ ತುಮಕೂರಿನ ನನ್ನ ಅಂಗಡಿ ಗೆಳೆಯ. ಬೆಂಗಳೂರಲ್ಲಿರುವ ಚಿಕ್ಕಪ್ಪನ ಮಗನದು ಇನ್ನೊಂದು ರಾಗ. "ಅಣ್ಣಾ, ಸೆಕೆಂಡ್ ಹ್ಯಾಂಡ್ ಕಾರ್ಡ್ ಅಂದ್ರೆ ಜೂಜು. ಸುಮ್ನೆ ಇಎಂಐ ಹಾಕಿಸಿ ಹೊಸ 4060 ಕಾರ್ಡನ್ನೇ ತಗೊಂಡುಬಿಡು." ಆ ಡಬ್ಬಾ ಒಂಬತ್ತು ತಿಂಗಳಿಂದ ಆರಾಮಾಗಿ ಓಡುತ್ತಿದೆ. ಅದಕ್ಕೇ ಬರೆಯೋಣ ಅನ್ನಿಸಿತು.

ಮೆಷಿನ್ ಇಷ್ಟೇ. ಐ5 9400ಎಫ್ ಪ್ರೊಸೆಸರ್, ಎಚ್310 ಮದರ್‌ಬೋರ್ಡ್, 8 ಜಿಬಿ ರ‍್ಯಾಮ್ ಒಂದೇ ಸ್ಟಿಕ್, 1050 ಟಿಐ 4 ಜಿಬಿ ಗ್ರಾಫಿಕ್ಸ್ ಕಾರ್ಡ್, 75 ಹರ್ಟ್ಸ್‌ನ 1080ಪಿ ಮಾನಿಟರ್. ಪವರ್ ಸಪ್ಲೈ ಮೇಲೆ 450 ವ್ಯಾಟ್ ಅಂತ ದೊಡ್ಡ ಸ್ಟಿಕರ್. ಬಜೆಟ್ 18 ಸಾವಿರ. ಮನೆಯಲ್ಲಿ ಹೇಳಿದ್ದು 12.

ಮೊದಲು ನಾನು ಎಡವಿದ್ದು ಹೇಳ್ತೀನಿ. 2024ರ ಬೇಸಿಗೆಯಲ್ಲಿ ಊರಲ್ಲೇ ಒಬ್ಬರ ಹತ್ತಿರ ಆರ್‌ಎಕ್ಸ್ 580 8 ಜಿಬಿ ಸಿಕ್ಕಿತು. 4,800 ರೂಪಾಯಿ. 2022ರ ಸೆಪ್ಟೆಂಬರ್‌ನಲ್ಲಿ ಇಥೀರಿಯಂ ಮೈನಿಂಗ್ (ಕಾರ್ಡ್ ಹಗಲೂ ರಾತ್ರಿ ದುಡಿಸಿ ಕ್ರಿಪ್ಟೋ ನಾಣ್ಯ ಗಳಿಸುವುದು) ನಿಂತ ಮೇಲೆ ಇಂಥ ಕಾರ್ಡ್‌ಗಳು ರಾಶಿ ರಾಶಿ ಹೊರಗೆ ಬಂದಿದ್ದು ಎಲ್ಲರಿಗೂ ಗೊತ್ತು. ನನಗೂ ಗೊತ್ತಿತ್ತು. ಆದರೂ 8 ಜಿಬಿ ಅನ್ನೋ ಅಕ್ಷರ ನೋಡಿ ಬಾಯಲ್ಲಿ ನೀರು ಬಂತು. ಮನೆಗೆ ತಂದು ಜಿಪಿಯು-ಝಡ್ (ಕಾರ್ಡ್‌ನ ಒಳವಿವರ ತೋರಿಸುವ ಸಾಫ್ಟ್‌ವೇರ್) ತೆಗೆದರೆ ಶೇಡರ್, ಅಂದರೆ ಚಿತ್ರ ಬಿಡಿಸುವ ಪುಟ್ಟ ಘಟಕಗಳು, 2048. ಅಸಲಿ 580ಗೆ 2304 ಇರಬೇಕು. ಅಂದರೆ ಹೆಸರಿಗೆ 580, ಒಳಗೆ ಹೆಚ್ಚು ಕಡಿಮೆ 570. ಮಾರಿದವರಿಗೆ ಫೋನ್ ಮಾಡಿದರೆ "ನೀವೇ ನೋಡಿ ತಗೊಂಡ್ರಲ್ಲ ಸಾರ್" ಅಂದರು. ಅದೂ ನಿಜವೇ.

ಇನ್ನೊಂದು ಎಡವಟ್ಟು ಅದೇ ದಿನ. ಆ ಕಾರ್ಡ್‌ಗೆ 8 ಪಿನ್ ಪವರ್ ವೈರ್ ಬೇಕು, ನನ್ನ ಪವರ್ ಸಪ್ಲೈಯಲ್ಲಿ ಅದೇ ಇಲ್ಲ. ಎರಡು ಮೊಲೆಕ್ಸ್ (ಹಳೇ ನಾಲ್ಕು ಪಿನ್ ಪ್ಲಗ್) ಸೇರಿಸಿ 8 ಪಿನ್ ಮಾಡುವ ಕನ್ವರ್ಟರ್ ಹಾಕಿದೆ, 120 ರೂಪಾಯಿದು. ಫರ್‌ಮಾರ್ಕ್ (ಕಾರ್ಡ್‌ಗೆ ಪೂರ್ತಿ ಹೊರೆ ಕೊಡುವ ಟೆಸ್ಟ್) ಬಿಟ್ಟು ಎರಡು ನಿಮಿಷ ಆಗಿರಬೇಕು, ಟಪ್ ಅಂತ ಎಲ್ಲಾ ಆಫ್. ಮೂಗಿಗೆ ಸುಟ್ಟ ಪ್ಲಾಸ್ಟಿಕ್ ವಾಸನೆ. ಕನ್ವರ್ಟರ್ ಬಿಚ್ಚಿ ನೋಡಿದರೆ ಹಳದಿ ವೈರ್ ಹೊಕ್ಕಿರುವ ಜಾಗದಲ್ಲಿ ಬಿಳಿ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ, ಬೆರಳಿಟ್ಟರೆ ಮೆತ್ತಗಿತ್ತು.

ಆಗ ಪವರ್ ಸಪ್ಲೈ ಹೊರಗೆ ತೆಗೆದು ಪಕ್ಕದ ಸಣ್ಣ ಅಕ್ಷರ ಓದಿದೆ. ಐದು ವರ್ಷದಲ್ಲಿ ಮೊದಲ ಸಲ. 12 ವೋಲ್ಟ್ ಎದುರು 18 ಆಂಪ್ಸ್ ಅಂತ ಇತ್ತು. 12 ಇಂಟು 18, 216 ವ್ಯಾಟ್. ದೊಡ್ಡ ಸ್ಟಿಕರ್‌ನ 450 ಬರೀ ಬಾಯಿಮಾತು. 580 ಒಂದಕ್ಕೇ 185 ವ್ಯಾಟ್ ಬೇಕು, 9400ಎಫ್‌ಗೆ 65. ಉಳಿದಿದ್ದು ನೀವೇ ಕೂಡಿ.

ಆ 580 ಮುಂದೆ ತೆರೆ ತುಂಬಾ ಚೌಕ ಚೌಕ ಬಣ್ಣ ಎಬ್ಬಿಸಲು ಶುರು ಮಾಡಿತು. ಕಾರ್ಡ್‌ನ ಬಯಾಸ್ (ಒಳಗಿನ ಮೂಲ ಸಾಫ್ಟ್‌ವೇರ್) ಬದಲಿಸುವ ಸ್ವಿಚ್ ಆ ಕಡೆ ಈ ಕಡೆ ಹಾಕಿ ನೋಡಿದೆ, ಎರಡರಲ್ಲೂ ಮೈನಿಂಗ್‌ಗೆ ತಿದ್ದಿದ ಬಯಾಸೇ ಇತ್ತು. ಮೂಲ ಬಯಾಸ್ ಹುಡುಕಿ ಫ್ಲ್ಯಾಶ್ ಮಾಡಿದೆ. ಚೌಕಗಳು ಸ್ವಲ್ಪ ಸಣ್ಣವಾದವು, ಅಷ್ಟೇ. ಕೊನೆಗೆ ಹೀಟ್ ಗನ್ ಹಿಡಿದು ಮೆಮೊರಿ ಚಿಪ್‌ಗಳಿಗೆ ಬಿಸಿ ಕೊಟ್ಟೆ. ಬೇಡ ಅಂತ ಎಲ್ಲರೂ ಹೇಳ್ತಾರೆ, ಆದರೂ ಎಲ್ಲರೂ ಒಂದು ಸಲ ಮಾಡೇ ಮಾಡ್ತಾರೆ. ಒಂಬತ್ತು ದಿನ ಚೆನ್ನಾಗಿ ಓಡಿತು. ಹತ್ತನೇ ದಿನ ಪೂರ್ತಿ ಕಣ್ಣು ಮುಚ್ಚಿತು. ಕೆಟ್ಟಿದೆ ಅಂತ ಹೇಳಿಯೇ ಪಾರ್ಟ್ಸ್‌ಗೆ ಕೊಟ್ಟೆ, 1,500 ಬಂತು. 3,300 ನಾಮ.

ಇಷ್ಟಾದ ಮೇಲೆ ದುಡ್ಡು ಖರ್ಚು ಮಾಡುವ ಕ್ರಮವನ್ನೇ ತಲೆಕೆಳಗೆ ಮಾಡಿದೆ. ಮೊದಲು ಪವರ್ ಸಪ್ಲೈ, ಆಮೇಲೆ ರ‍್ಯಾಮ್, ಕೊನೆಗೆ ಕಾರ್ಡ್. ಗೆಳೆಯ ನಕ್ಕಿದ್ದು ಇಲ್ಲೇ. ಬಜೆಟ್‌ನ ಕಾಲು ಭಾಗವನ್ನು ಗೇಮ್‌ನಲ್ಲಿ ಒಂದು ಫ್ರೇಮ್ ಕೂಡ ಜಾಸ್ತಿ ಮಾಡದ ಸಾಮಾನಿಗೆ ಹಾಕ್ತೀಯಲ್ಲ ಅಂತ. ಹಾಕಿದೆ. 550 ವ್ಯಾಟ್, ಬ್ರಾಂಜ್ ದರ್ಜೆಯದು, ಹೊಸದು, ಸುಮಾರು 3,900. ಇದರ ಸಣ್ಣ ಅಕ್ಷರದಲ್ಲಿ 12 ವೋಲ್ಟ್‌ಗೆ 40 ಆಂಪ್ಸ್ ಮೇಲಿದೆ, ಅಂಗಡಿಯಲ್ಲೇ ಟಾರ್ಚ್ ಹಾಕಿ ಓದಿದೆ.

ರ‍್ಯಾಮ್ ಇನ್ನೊಂದು 8 ಜಿಬಿ, ಹಳೆಯದು, 1,500. 1050 ಟಿಐ ಇರುವಾಗಲೇ ಹಾಕಿ ನೋಡಿದೆ. ಆವರೇಜ್ ಎಫ್‌ಪಿಎಸ್ (ಸೆಕೆಂಡ್‌ಗೆ ಎಷ್ಟು ಫ್ರೇಮ್ ಅಂತ) ಎರಡೋ ಮೂರೋ ಏರಿತು. ಆದರೆ ನಡುನಡುವೆ ತಡವರಿಸುತ್ತಿದ್ದುದು ಅರ್ಧಕ್ಕರ್ಧ ಹೋಯಿತು. 4 ಜಿಬಿ ಕಾರ್ಡ್ ತುಂಬಿದಾಗ ಉಳಿದಿದ್ದು ರ‍್ಯಾಮ್‌ಗೆ ಹೋಗಿ ಬೀಳುತ್ತೆ, ಅಲ್ಲೂ ಜಾಗ ಇಲ್ಲದಿದ್ದರೆ ಗೇಮ್ ಉಸಿರು ಕಟ್ಟದೇ ಇನ್ನೇನು?

ಪ್ರೊಸೆಸರ್ ಸಾಲುತ್ತೋ ಇಲ್ಲವೋ ಅನ್ನೋ ಜಗಳಕ್ಕೆ ನಾನು ಯೂಟ್ಯೂಬ್ ನೋಡಲಿಲ್ಲ. ಸೈಬರ್‌ಪಂಕ್ 2077ರ ಒಳಗಿರುವ ಬೆಂಚ್‌ಮಾರ್ಕ್ ಓಡಿಸಿದೆ. 1080ಪಿ 'ಲೋ' ಸೆಟ್ಟಿಂಗ್‌ನಲ್ಲಿ 30ರ ಆಸುಪಾಸು. ಅದೇ ಸೆಟ್ಟಿಂಗ್ 720ಪಿಗೆ ಇಳಿಸಿದರೆ 50 ದಾಟಿತು. ರೆಸೊಲ್ಯೂಷನ್ ಇಳಿಸಿದರೆ ಹಗುರಾಗುವುದು ಕಾರ್ಡ್‌ನ ಕೆಲಸ. ಅಂದರೆ ಪ್ರೊಸೆಸರ್‌ಗೆ ಇನ್ನೂ ದಮ್ಮಿದೆ, ಸುಸ್ತಾಗಿರುವುದು ಕಾರ್ಡ್. ವ್ಯಾಲೊರೆಂಟ್‌ನಲ್ಲಿ ಇದೇ ಪರೀಕ್ಷೆ ಮಾಡಿದೆ. ರೆಸೊಲ್ಯೂಷನ್ ಇಳಿಸಿದರೂ ಎಫ್‌ಪಿಎಸ್ ಜಾಸ್ತಿ ಅಲ್ಲಾಡಲಿಲ್ಲ. ಅಲ್ಲಿ ಪ್ರೊಸೆಸರ್ ಮಿತಿ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತೆ.

ಈಗ ಕಾರ್ಡ್. 6500 ಎಕ್ಸ್‌ಟಿ ಹೊಸದೇ ಸಿಗುತ್ತಿತ್ತು, ಬೇಡ ಅಂದೆ. ಅದಕ್ಕಿರುವುದು ನಾಲ್ಕೇ ಲೇನ್, ಅಂದರೆ ಬೋರ್ಡ್ ಜೊತೆ ಡೇಟಾ ಓಡಾಡುವ ದಾರಿ. ವೇಗದ ಪಿಸಿಐಇ 4.0 ಸ್ಲಾಟ್ ಇರುವ ಬೋರ್ಡ್‌ನಲ್ಲಿ ಹೇಗೋ ನಡೆಯುತ್ತೆ, ನನ್ನ 3.0 ಬೋರ್ಡ್‌ನಲ್ಲಿ ಕುತ್ತಿಗೆ ಹಿಸುಕಿದ ಹಾಗೆ. ಮೇಲೆ 4 ಜಿಬಿ ಬೇರೆ. 1660 ಸೂಪರ್ 6 ಜಿಬಿ ಹಳೆಯದು 9 ಸಾವಿರದ ಮೇಲೆ ಹೇಳಿದರು. ಕಾರ್ಡ್ ಒಳ್ಳೆಯದೇ, ಆದರೆ ಎರಡು ವರ್ಷಕ್ಕೆ ಮತ್ತೆ ಇದೇ ಕಥೆ ಆಗುತ್ತೆ. ಆರ್ಕ್ ಎ750ಗೆ ರೀಸೈಜಬಲ್ ಬಾರ್ (ಪ್ರೊಸೆಸರ್ ಕಾರ್ಡ್‌ನ ಇಡೀ ಮೆಮೊರಿ ಒಮ್ಮೆಗೇ ಮುಟ್ಟುವ ಸೌಲಭ್ಯ) ಬೇಕು, ನನ್ನ ಬಯಾಸ್‌ನಲ್ಲಿ ಆ ಆಯ್ಕೆಯೇ ಇಲ್ಲ. 3060 12 ಜಿಬಿ ಮೇಲೆ ಕಣ್ಣಿತ್ತು. ಬ್ಲೆಂಡರ್, ವಿಡಿಯೋ ಎಡಿಟಿಂಗ್ ಮಾಡುವವನಾಗಿದ್ದರೆ ಹೊಟ್ಟೆ ಕಟ್ಟಿಯಾದರೂ ಅದನ್ನೇ ತಗೋತಿದ್ದೆ. ನನ್ನದು ಬರೀ ಗೇಮ್.

ಉಳಿದಿದ್ದು ಆರ್‌ಎಕ್ಸ್ 6600. 8 ಜಿಬಿ, 132 ವ್ಯಾಟ್, ಒಂದು 8 ಪಿನ್. ಇದಕ್ಕೂ ಎಂಟೇ ಲೇನ್ ಅಂತ ಚಿಕ್ಕಪ್ಪನ ಮಗ ತಕರಾರು ತೆಗೆದ. ಅವನು ಹೊಗಳುವ 4060ಗೂ ಎಂಟೇ. 3.0 ಬೋರ್ಡ್‌ನಲ್ಲಿ ಎಂಟು ಲೇನ್‌ಗೆ ಸ್ವಲ್ಪ ಹೊಡೆತ ಬೀಳುತ್ತೆ, ಆಟ ಆಡುವಾಗ ನನಗಂತೂ ಕಾಣಲಿಲ್ಲ. ಹೊಸದು ಆಗ 20 ಸಾವಿರದ ಮೇಲಿತ್ತು. ಹಾಗಾಗಿ ಸೆಕೆಂಡ್ ಹ್ಯಾಂಡ್ ಹುಡುಕಿ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರೋಡ್.

ಹೋಗುವ ಮುಂಚೆ ಒಂದು ಕೆಲಸ. ಸ್ವೀಟ್ ಬಾಕ್ಸ್ ರಟ್ಟನ್ನು 24 ಸೆಂಟಿಮೀಟರ್ ಉದ್ದ, ಎರಡು ಸ್ಲಾಟ್ ದಪ್ಪಕ್ಕೆ ಕತ್ತರಿಸಿ, ಮಡಚಿ ಅಂಟಿಸಿ, ಕ್ಯಾಬಿನೆಟ್ ಒಳಗೆ ಕೂರಿಸಿ ನೋಡಿದೆ. ಹಾರ್ಡ್ ಡಿಸ್ಕ್ ಗೂಡು ಅಡ್ಡ ಬಂತು. ಅದರ ನಾಲ್ಕು ರಿವೆಟ್ ಡ್ರಿಲ್ ಮಾಡಿ ತೆಗೆದೆ. ರಟ್ಟಿನ ಕಾರ್ಡ್ ಇನ್ನೂ ಇಟ್ಟಿದ್ದೀನಿ, ಊರಲ್ಲಿ ಮೂರು ಜನ ಇಸ್ಕೊಂಡು ಹೋಗಿದ್ದಾರೆ.

ಬೆಳಗಿನ ಟ್ರೈನ್ ಹಿಡಿದು ಮೆಜೆಸ್ಟಿಕ್, ಅಲ್ಲಿಂದ ಮೆಟ್ರೋದಲ್ಲಿ ಒಂದೇ ಸ್ಟೇಷನ್ ಚಿಕ್ಕಪೇಟೆ, ಉಳಿದಿದ್ದು ನಡಿಗೆ. ಜೇಬಲ್ಲಿ ಪೆನ್‌ಡ್ರೈವ್, ಅದರಲ್ಲಿ ಜಿಪಿಯು-ಝಡ್ ಮತ್ತು ಫರ್‌ಮಾರ್ಕ್. ಮೊದಲ ಅಂಗಡಿಯಲ್ಲಿ 15,500 ಹೇಳಿದರು, ಬಿಲ್ ಇಲ್ಲ. ಎರಡನೆಯ ಕಡೆ 14,500. ಸ್ಕ್ರೂ ತಲೆಗಳೆಲ್ಲ ಕೆತ್ತಿಹೋಗಿದ್ದವು, ಬ್ರಾಕೆಟ್ ಅಂಚಿನಲ್ಲಿ ತುಕ್ಕು. ಕರಾವಳಿ ಕಡೆಯಿಂದ ಬಂದಿರಬೇಕು. ಮೂರನೆಯ ಅಂಗಡಿಯಲ್ಲಿ ಬಾಕ್ಸ್, ಬಿಲ್ ಎರಡೂ ಇತ್ತು, ಸೀರಿಯಲ್ ನಂಬರ್ ಹೊಂದುತ್ತಿತ್ತು, ವಾರಂಟಿ ಇನ್ನೂ 14 ತಿಂಗಳು. 14,000 ಅಂದರು.

ಟೆಸ್ಟ್ ಮಾಡಿ ತಗೋತೀನಿ ಅಂದೆ. ಹುಡುಗ ಗೊಣಗುತ್ತಲೇ ಬೆಂಚ್ ಮೇಲೆ ಹಾಕಿಕೊಟ್ಟ. ಶೇಡರ್ 1792, ಸರಿ. ಬಸ್ ಇಂಟರ್‌ಫೇಸ್ ಸಾಲಿನಲ್ಲಿ (ಸ್ಲಾಟ್ ವೇಗ ಹೇಳುವ ಜಾಗ) 1.1 ತೋರಿಸುತ್ತಿತ್ತು. ಇದನ್ನು ನೋಡಿ ಹೆದರಿ ಕಾರ್ಡ್ ವಾಪಸ್ ಕೊಟ್ಟವರಿದ್ದಾರೆ. ಸುಮ್ನೆ ಕೂತಾಗ ಅದು ಇಳಿಯುತ್ತೆ. ಪಕ್ಕದ ಪ್ರಶ್ನೆ ಗುರುತು ಒತ್ತಿ ರೆಂಡರ್ ಟೆಸ್ಟ್ ಬಿಟ್ಟರೆ ಸರಿಯಾದ ಅಂಕಿ ಬರುತ್ತೆ. ಬಂತು. ಆಮೇಲೆ ಫರ್‌ಮಾರ್ಕ್ ಹತ್ತು ನಿಮಿಷ. ನಾನು ನೋಡುವುದು ಬಿಸಿ ಎಷ್ಟು ಅಂತಲ್ಲ, ಎಡ್ಜ್ (ಚಿಪ್‌ನ ಅಂಚು) ಮತ್ತು ಹಾಟ್‌ಸ್ಪಾಟ್ (ಅತಿ ಬಿಸಿಯಾದ ಜಾಗ) ನಡುವಿನ ಅಂತರ. 66ಕ್ಕೆ 81 ಇತ್ತು. ಹದಿನೈದು ಡಿಗ್ರಿ ಪರವಾಗಿಲ್ಲ. ಮೂವತ್ತು ಇದ್ದರೆ ಒಳಗೆ ಶಾಖ ಸಾಗಿಸುವ ಪೇಸ್ಟ್ ಒಣಗಿದೆ, ಇಲ್ಲವೇ ಯಾರೋ ಬಿಚ್ಚಿ ಸರಿಯಾಗಿ ಕೂರಿಸಿಲ್ಲ.

ಮೈನಿಂಗ್‌ಗೆ ದುಡಿದ ಕಾರ್ಡ್ ಹೌದೋ ಅಲ್ಲವೋ ಅಂತ ಹತ್ತು ಸೆಕೆಂಡ್‌ನಲ್ಲಿ ತಿಳಿಯಲು ನಾನು ಒಂದು ಜಾಗ ಮುಟ್ಟಿ ನೋಡ್ತೀನಿ. ಎಲ್ಲಿ ಅಂತ ಇಲ್ಲಿ ಬರೆಯಲ್ಲ. ಮಾರುವವರೂ ಓದ್ತಾರೆ, ಅಲ್ವಾ? 14,000ವನ್ನು 13,200ಕ್ಕೆ ಇಳಿಸಿದ ಮಾತೂ ನನ್ನ ಹತ್ತಿರವೇ ಇರಲಿ.

ಮನೆಗೆ ಬಂದು ಸೇಫ್ ಮೋಡ್‌ನಲ್ಲಿ ಡಿಡಿಯು ಅನ್ನೋ ಸಾಫ್ಟ್‌ವೇರ್ ಹಾಕಿ ಹಳೇ ಡ್ರೈವರ್ ಗುಡಿಸಿ ಹೊಸದು ಹಾಕಿದೆ. ಎರಡನೇ ದಿನವೇ ತೆರೆ ಕಪ್ಪಾಯಿತು. ಎದೆ ಧಸಕ್ ಅಂತು, ಮತ್ತೆ 580 ನೆನಪು. ನೋಡಿದರೆ ತಾನಾಗೇ ಒಂದು ಅಪ್‌ಡೇಟ್ ಬಂದು ನನ್ನ ಡ್ರೈವರ್ ಮೇಲೆ ಇನ್ನೊಂದು ಕೂತಿತ್ತು. ನೆಟ್ ವೈರ್ ಕಿತ್ತು, ಮತ್ತೆ ಗುಡಿಸಿ, ಮತ್ತೆ ಹಾಕಿ, ಆಮೇಲೆ ವೈರ್ ಸಿಕ್ಕಿಸಿದೆ. ಅಲ್ಲಿಂದ ಈಚೆಗೆ ಆ ಕಾಟ ಇಲ್ಲ.

ಸೈಬರ್‌ಪಂಕ್ 'ಹೈ' ಸೆಟ್ಟಿಂಗ್‌ನಲ್ಲಿ 60ರ ಹತ್ತಿರ. ಫೋರ್ಝಾ ಹೊರೈಜನ್ 5 ಮಾನಿಟರ್‌ನ 75ಕ್ಕೆ ಅಂಟಿಕೊಂಡೇ ಓಡಿತು. ಅಕ್ಕನ ಮಗ ರಜೆಗೆ ಬಂದು ನೇರ ವ್ಯಾಲೊರೆಂಟ್ ತೆಗೆದ. "ಮಾವ, ಇಷ್ಟು ದುಡ್ಡು ಕೊಟ್ಟು ಏನು ಬದಲಾಯ್ತು?" ಅಂದ. ಹೇಳಿದ್ನಲ್ಲ, ಅಲ್ಲಿ ಪ್ರೊಸೆಸರ್ ಮಿತಿ. ಮೊದಲು 140 ಇತ್ತು, ಹೊಸ ಕಾರ್ಡ್ ಹಾಕಿದ ಮೇಲೆ 155 ಆಗಿರಬಹುದು. ಅವನಿಗೆ ವಿವರಿಸಲು ಹೋಗಲಿಲ್ಲ, ಫೋರ್ಝಾ ಹಾಕಿಕೊಟ್ಟೆ.

ಇನ್ನೊಂದು ತಲೆನೋವು ಯುಪಿಎಸ್. 600 ವಿಎ, ಹಳೆಯದು. ಗೇಮ್ ಆಡುವಾಗ ಕರೆಂಟ್ ಹೋದರೆ ಅದೂ ಕುಂಯ್ ಅಂದು ಜೊತೆಗೇ ಮಲಗುತ್ತಿತ್ತು. ಹೊಸದಕ್ಕೆ ದುಡ್ಡಿಲ್ಲ. ಅಡ್ರಿನಲಿನ್‌ನಲ್ಲಿ (ಎಎಂಡಿಯ ಸಾಫ್ಟ್‌ವೇರ್) ಕಾರ್ಡ್‌ನ ವೋಲ್ಟೇಜನ್ನು 1150 ಮಿಲಿವೋಲ್ಟ್‌ನಿಂದ ಹತ್ತು ಹತ್ತೇ ಇಳಿಸುತ್ತಾ ಬಂದೆ. 1060ರಲ್ಲಿ ಗೇಮ್ ಬಿತ್ತು, 1085ಕ್ಕೆ ಏರಿಸಿ ನಿಲ್ಲಿಸಿದೆ. ನಿಮ್ಮ ಕಾರ್ಡ್‌ಗೆ ಬೇರೆ ಅಂಕಿ ಬರುತ್ತೆ. ಎಫ್‌ಪಿಎಸ್ 72ಕ್ಕೆ ಕಟ್ಟಿಹಾಕಿದೆ. ಸಾಫ್ಟ್‌ವೇರ್‌ನಲ್ಲಿ 100 ವ್ಯಾಟ್ ತೋರಿಸುತ್ತಿದ್ದುದು 75-80ಕ್ಕೆ ಇಳಿಯಿತು. ಅದು ಚಿಪ್‌ನ ಲೆಕ್ಕ ಮಾತ್ರ, ಇಡೀ ಬೋರ್ಡ್‌ನದಲ್ಲ, ಮೋಸ ಹೋಗಬೇಡಿ. ಈಗ ಕರೆಂಟ್ ಹೋದರೆ ಯುಪಿಎಸ್ ನಾಲ್ಕು ನಿಮಿಷ ತಡೆಯುತ್ತೆ. ಸೇವ್ ಮಾಡಲು ಧಾರಾಳ.

ಲೆಕ್ಕ ನೋಡಿ. ಕಾರ್ಡ್ 13,200, ಪವರ್ ಸಪ್ಲೈ 3,900, ರ‍್ಯಾಮ್ 1,500, 580ರ ನಾಮ 3,300. ಹಳೇ 1050 ಟಿಐ 4,000ಕ್ಕೆ ಹೋಯಿತು. 17,900 ಆಯ್ತು. ಟ್ರೈನ್, ಮೆಟ್ರೋ, ದೋಸೆ ಲೆಕ್ಕಕ್ಕಿಲ್ಲ. 580 ತಪ್ಪು ಮಾಡದಿದ್ದರೆ 14,600ರಲ್ಲಿ ಮುಗಿಯುತ್ತಿತ್ತು ಅಂತ ಹೆಂಡತಿ ಈಗಲೂ ನೆನಪಿಸ್ತಾಳೆ. 12 ಅಂತ ಸುಳ್ಳು ಹೇಳಿದ್ದೂ ಅವಳಿಗೆ ಗೊತ್ತಾಗಿದೆ.

ಹೋದ ತಿಂಗಳು ಒಂದು ಫ್ಯಾನ್ ಕಿರ್ ಕಿರ್ ಅನ್ನತೊಡಗಿತು. ಕಂಪ್ಯೂಟರ್ ಇರುವುದು ದೇವರ ಮನೆಯ ಪಕ್ಕ. ಊದುಬತ್ತಿ ಹೊಗೆ ಧೂಳಿನ ಜೊತೆ ಸೇರಿ ರೆಕ್ಕೆಗಳ ಮೇಲೆ ಜಿಡ್ಡಾಗಿ ಕೂತಿತ್ತು, ಬ್ರಷ್‌ಗೆ ಬರಲಿಲ್ಲ, ಇಯರ್ ಬಡ್‌ಗೆ ಸ್ಪಿರಿಟ್ ಹಾಕಿ ಒರೆಸಿದೆ. ನಡುವಿನ ಸ್ಟಿಕರ್ ಉಗುರಲ್ಲಿ ಎತ್ತಿ, ಅಮ್ಮನ ಹೊಲಿಗೆ ಮೆಷಿನ್ ಎಣ್ಣೆ ಒಂದೇ ಒಂದು ಹನಿ ಬಿಟ್ಟು, ಸ್ಟಿಕರ್ ಅಂಟಿಸಿದೆ. ಶಬ್ದ ನಿಂತಿದೆ. ಕ್ಯಾಬಿನೆಟ್ ಕಿಟಕಿ ಕಡೆಗೆ ಸರಿಸೋಣ ಅಂದರೆ ಪ್ಲಗ್ ಪಾಯಿಂಟ್ ಅಲ್ಲಿಲ್ಲ.