ಫೋರ್ಡ್ ಮಾಡೆಲ್ ಎ ಹಬ್ ಕ್ಯಾಪ್: ಅಸಲಿಯನ್ನು ಒಳಮೈಯಿಂದ ಗುರುತಿಸುವ ಬಗೆ

ಹಬ್ ಕ್ಯಾಪಿನ, ಎಂದರೆ ಚಕ್ರದ ನಡುವನ್ನು ಮುಚ್ಚುವ ಲೋಹದ ಮುಚ್ಚಳದ, ಹೊರಮೈಯನ್ನು ನೋಡಿ ಅಸಲಿಯೋ ನಕಲೋ ಎಂದು ಹೇಳುವುದನ್ನು ನಾನು ಬಿಟ್ಟು ಕೆಲವು ವರ್ಷಗಳಾದವು. ತೊಂಬತ್ತು ವರ್ಷ ದಾಟಿದ ತಗಡನ್ನು ನಾಲ್ಕಾರು ಮಂದಿ ಮಾಲೀಕರು ಬ್ರಾಸೋ ಹಾಕಿ ಉಜ್ಜಿ, ಪಾಲಿಶ್ ಅಂಗಡಿಯವರು ಬಫ್ ಹೊಡೆದು, ಒಮ್ಮೊಮ್ಮೆ ಅದರ ಮೇಲೆ ಕ್ರೋಮನ್ನೂ ಏರಿಸಿದ ಮೇಲೆ ಹೊರಗೆ ಕಾಣುವುದು ಕೊನೆಯ ಪಾಲಿಶ್‌ನವನ ಕೈಕೆಲಸ ಮಾತ್ರ. ಒಳಮೈಯನ್ನು ಮಾತ್ರ ಸಾಮಾನ್ಯವಾಗಿ ಯಾರೂ ಉಜ್ಜುವುದಿಲ್ಲ. ನನ್ನ ವಿಧಾನದ ಬಹುಪಾಲು ಈ ಒಂದು ಸಂಗತಿಯ ಮೇಲೆ ನಿಂತಿದೆ. ಇದನ್ನು ಮೊದಲು ಹೇಳಿದಾಗ ಬೆಂಗಳೂರಿನ ಹಳೆಯ ಕಾರಿನ ಗೆಳೆಯರಲ್ಲಿ ಹೆಚ್ಚಿನವರು ನಕ್ಕಿದ್ದರು. "ಮ್ಯಾಗ್ನೆಟ್ ಇಟ್ಟರೆ ಮುಗಿಯಿತಲ್ಲ, ಇಷ್ಟೆಲ್ಲ ಯಾಕೆ ಸಾರ್" ಎಂದಿದ್ದರು. ಈಗ ಅವರೇ ಮುಂಗಡ ಕೊಡುವ ಮುನ್ನ ಒಳಮೈಯ ಫೋಟೊ ಕಳುಹಿಸುತ್ತಾರೆ.

ನಾನು ಇಲ್ಲಿ ಬರೆಯುತ್ತಿರುವುದು ಮಾಡೆಲ್ ಎ ಬಗ್ಗೆ ಮಾತ್ರ. ನಮ್ಮ ಕಡೆಯ ಕಾರುಗಳು ಕೆನಡಾದ ಫೋರ್ಡ್ ಕಂಪನಿಯ ಮೂಲಕ ಬಂದ ಬಲಗೈ ಸ್ಟಿಯರಿಂಗ್‌ನವು. 1928–29ರ ಕಾರಿಗೆ 21 ಅಂಗುಲದ ಚಕ್ರ, ಚಿಕ್ಕ ಕ್ಯಾಪ್, ಅದರ ಮೇಲೆ ನಿಕ್ಕಲ್ ಲೇಪ. 1930–31ರ ಕಾರಿಗೆ 19 ಅಂಗುಲದ ಚಕ್ರ, ದೊಡ್ಡ ಕ್ಯಾಪ್, ತುಕ್ಕು ಹಿಡಿಯದ ಉಕ್ಕು. ಇಷ್ಟು ಎಲ್ಲರಿಗೂ ಗೊತ್ತಿರುವುದೇ. ಗುಜರಿ ರಾಶಿಯಲ್ಲಿ ಫೋರ್ಡ್‌ನ ಅದಕ್ಕೂ ಹಿಂದಿನ ಕಾರಾದ ಮಾಡೆಲ್ ಟಿಯ ಮುಚ್ಚಳಗಳೂ ಸೇರಿಕೊಂಡಿರುತ್ತವೆ, ಆದರೆ ಅವು ತಿರುಪಿನಂತೆ ತಿರುಗಿಸಿ ಕೂರಿಸುವಂಥವಾದ್ದರಿಂದ ಕೈಗೆತ್ತಿಕೊಂಡ ಕೂಡಲೇ ಬೇರೆಯಾಗಿಬಿಡುತ್ತವೆ. ತಲೆನೋವು ಬರುವುದು 1930–31ರ ಉಕ್ಕಿನ ಕ್ಯಾಪುಗಳಿಂದ, ಏಕೆಂದರೆ ಬೇಡಿಕೆ ಅವಕ್ಕೇ ಹೆಚ್ಚು, ನಕಲೂ ಅವಕ್ಕೇ ಹೆಚ್ಚು.

ಮೊದಲು ಮ್ಯಾಗ್ನೆಟ್‌ನ ವಿಷಯವನ್ನು ಮುಗಿಸುತ್ತೇನೆ. ಅಂದಿನ 18-8 ಬಗೆಯ ಉಕ್ಕು, ಎಂದರೆ ನೂರಕ್ಕೆ ಸುಮಾರು 18 ಪಾಲು ಕ್ರೋಮಿಯಂ ಮತ್ತು 8 ಪಾಲು ನಿಕ್ಕಲ್ ಇರುವ ಉಕ್ಕು, ಮ್ಯಾಗ್ನೆಟ್ಟಿಗೆ ಹಿಡಿಯಬಾರದು ಎಂಬುದು ಎಲ್ಲರ ನಂಬಿಕೆ. ಹಾಳೆಯಾಗಿದ್ದಾಗ ಅದು ಹಿಡಿಯುವುದಿಲ್ಲ, ನಿಜ. ಆದರೆ ಅದೇ ಹಾಳೆಯನ್ನು ತಣ್ಣಗಿರುವಾಗಲೇ ಪ್ರೆಸ್ಸಿನಲ್ಲಿ ಆಳಕ್ಕೆ ಎಳೆದಾಗ ಹೆಚ್ಚು ಬಾಗಿದ ಭಾಗದಲ್ಲಿ ಲೋಹದ ಒಳರಚನೆ ಬದಲಾಗಿ ಮ್ಯಾಗ್ನೆಟ್ ಸಣ್ಣಗೆ ಅಂಟತೊಡಗುತ್ತದೆ. ಹೀಗಾಗಿ ಖಚಿತವಾಗಿ ಅಸಲಿಯಾದ ಕ್ಯಾಪಿನ ನಡುವೆ ಹಿಡಿಯದ ಮ್ಯಾಗ್ನೆಟ್ ಅಂಚಿನಲ್ಲಿ ಹಿಡಿಯುತ್ತದೆ, ಮತ್ತು ಇಂದಿನ 304 ದರ್ಜೆಯ (ಅದೂ 18-8ರ ಬಗೆಯದೇ) ತಗಡಿನಲ್ಲಿ ಮಾಡಿದ ನಕಲಿನಲ್ಲೂ ಸಾಮಾನ್ಯವಾಗಿ ಅದೇ ಆಗುತ್ತದೆ. ಮ್ಯಾಗ್ನೆಟ್ ನಡುಭಾಗಕ್ಕೂ ಗಟ್ಟಿಯಾಗಿ ಅಂಟಿದರೆ ಅದು 430ರಂಥ ಅಗ್ಗದ ಉಕ್ಕು ಎಂದು ಬದಿಗಿಡಬಹುದು. ಅದಕ್ಕಿಂತ ಹೆಚ್ಚಿನದನ್ನು ಮ್ಯಾಗ್ನೆಟ್ ಹೇಳಲಾರದು.

ತೂಕವೂ ಕೈಕೊಟ್ಟಿತು. ಅಡಿಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಇಟ್ಟು ನೋಡಿದರೆ ನನ್ನ ಬಳಿಯ ಅಸಲಿಗಳಲ್ಲೇ ಹಗುರವಾದದ್ದಕ್ಕೂ ಭಾರವಾದದ್ದಕ್ಕೂ ಹತ್ತು-ಹದಿನೈದು ಗ್ರಾಂ ವ್ಯತ್ಯಾಸ ಬರುತ್ತದೆ. ಬಫ್‌ನಲ್ಲಿ ಸವೆದದ್ದು ಎಷ್ಟು, ಒಳಗೆ ಒಣಗಿ ಕಲ್ಲಾದ ಗ್ರೀಸ್ ಎಷ್ಟು ಎಂದು ಬಿಡಿಸುವುದು ಸಾಧ್ಯವಿಲ್ಲ. ಹಳೆಯ ಬಣ್ಣವನ್ನು ನಂಬುವುದಂತೂ ಬೇಡವೇ ಬೇಡ. ಆಸಿಡ್ ಹಚ್ಚಿ ಮಣ್ಣಿನಲ್ಲಿ ಹೂತಿಟ್ಟು 'ತೋಟದ ಶೆಡ್ಡಿನಲ್ಲಿ ಸಿಕ್ಕಿದ್ದು' ಎಂದು ತರುವವರನ್ನು ನಾನು ಕಂಡಿದ್ದೇನೆ. ಈ ಉಕ್ಕಿನ ಮೇಲೆ ಇಡೀ ಮೈಗೆ ಸಮನಾಗಿ ಹರಡಿದ ಕಂದು ತುಕ್ಕು ಕಂಡರೆ ನನಗೆ ಅನುಮಾನ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಲೋಹದ ವಿಷಯದಲ್ಲಿ ನಿಜವಾಗಿ ಕೆಲಸಕ್ಕೆ ಬಂದದ್ದು ಸ್ಟೀಲ್ ಗುಜರಿಯವರು ದಿನವೂ ಬಳಸುವ ಡ್ರಾಪ್ ಟೆಸ್ಟ್ ದ್ರವ. ಚಿಕ್ಕ ಶೀಸೆ ಮತ್ತು 9 ವೋಲ್ಟ್ ಬ್ಯಾಟರಿ ಸೇರಿ ಐನೂರರ ಆಸುಪಾಸು ಖರ್ಚಾಯಿತು. ಒಳಮೈಯ ಒಂದು ಮೂಲೆಯನ್ನು ಮರಳು ಕಾಗದದಿಂದ ಚೊಕ್ಕ ಮಾಡಿ, ಒಂದು ಹನಿ ಹಾಕಿ, ಬ್ಯಾಟರಿಯ ತಂತಿಯನ್ನು ಕೆಲವು ಕ್ಷಣ ತಾಗಿಸಿದರೆ ಮ್ಯಾಂಗನೀಸ್ ಹೆಚ್ಚಿರುವ 202 ತಗಡಿನ ಮೇಲೆ ಹನಿ ಕೆಂಪಾಗುತ್ತದೆ, 18-8 ಅಥವಾ 304ರ ಮೇಲೆ ಆಗುವುದಿಲ್ಲ. ನಮ್ಮ ದೇಶದಲ್ಲಿ ಅಗ್ಗದ ಪಾತ್ರೆಗಳಿಗೆ ಬಳಸುವ ಈ 200 ಸರಣಿಯ ಉಕ್ಕು ಮಾರುಕಟ್ಟೆಯಲ್ಲಿ ನೆಲೆಯೂರಿದ್ದು ನಿಕ್ಕಲ್ ಅಭಾವದ 1950ರ ದಶಕದಲ್ಲಿ. ಆದ್ದರಿಂದ ಹನಿ ಕೆಂಪಾದ ಕ್ಯಾಪು 1930ರದ್ದಾಗಿರಲು ಸಾಧ್ಯವೇ ಇಲ್ಲ. ವಾದಕ್ಕೆ ಎಡೆಯಿಲ್ಲದ ಪರೀಕ್ಷೆ ಇದೊಂದೇ. ನನ್ನ ಅಂದಾಜಿನಲ್ಲಿ ಇಲ್ಲೇ ತಯಾರಾದ ನಕಲುಗಳಲ್ಲಿ ಅರ್ಧದಷ್ಟು ಈ ಒಂದು ಹನಿಗೇ ಸಿಕ್ಕಿಬೀಳುತ್ತವೆ. ಹನಿ ಬಿದ್ದ ಕಡೆ ಸಣ್ಣ ಕಲೆ ಉಳಿಯುವುದರಿಂದ ಮಾರುವವರ ಒಪ್ಪಿಗೆ ಪಡೆದು ಒಳಗಡೆಯೇ ಹಾಕಬೇಕು. ಒಪ್ಪದವರ ಮಾಲನ್ನು ನಾನು ಅಲ್ಲಿಗೇ ಬಿಟ್ಟು ಬರುತ್ತೇನೆ.

ಉಳಿದರ್ಧಕ್ಕೆ ಗೆರೆಗಳನ್ನು ಓದಬೇಕು. ಕಾರ್ಖಾನೆಯ ಕ್ಯಾಪು ಪ್ರೆಸ್ಸಿನಲ್ಲಿ ಎಳೆದದ್ದು; ತಗಡು ಡೈಯೊಳಗೆ, ಎಂದರೆ ಪ್ರೆಸ್ಸಿನ ಲೋಹದ ಅಚ್ಚಿನೊಳಗೆ, ಜಾರುವಾಗ ಬಿದ್ದ ಗೀರುಗಳು ಅಂಚಿನಿಂದ ನಡುವಿನ ಕಡೆಗೆ ಓಡುತ್ತವೆ. ಇಲ್ಲಿ ಹತ್ತಿಪ್ಪತ್ತು ಮಾತ್ರ ತಯಾರಿಸುವವರು ಡೈಗೆ ಹಣ ಹಾಕದೆ ಲೇತಿನಲ್ಲಿ ಅಚ್ಚಿನ ಮೇಲೆ ತಗಡನ್ನು ಒತ್ತಿ ಸ್ಪಿನ್ನಿಂಗ್ ಮಾಡಿಸುತ್ತಾರೆ. ಅದರ ಗೆರೆಗಳು ವೃತ್ತವೃತ್ತವಾಗಿರುತ್ತವೆ. ಇದನ್ನು ಬಾಯಲ್ಲಿ ಹೇಳಿದಾಗ ಯಾರೂ ನಂಬದ ಕಾರಣ ನಾನೇ ಪೀಣ್ಯದ ಒಂದು ಸ್ಪಿನ್ನಿಂಗ್ ಶೆಡ್ಡಿನಲ್ಲಿ ಕೆಲವು ಕ್ಯಾಪುಗಳನ್ನು ಮಾಡಿಸಿದೆ. ಅಚ್ಚಿಗೆ ಸುಮಾರು 3,500 ರೂಪಾಯಿ, ಒಂದೊಂದು ಕ್ಯಾಪಿಗೆ 250ರ ಹತ್ತಿರ ಬಿತ್ತು. ಅವುಗಳಲ್ಲಿ ಒಂದನ್ನು ಅಡ್ಡಕ್ಕೆ ಕೊಯ್ದು ಮೈಕ್ರೋಮೀಟರ್‌ನಲ್ಲಿ ಅಳೆದಾಗ ನಡುವೆ 0.8 ಮಿ.ಮೀ. ಇದ್ದ ದಪ್ಪ ಇಳಿಜಾರಿನಲ್ಲಿ 0.5ರವರೆಗೆ ತೆಳುವಾಗಿತ್ತು. ಪ್ರೆಸ್ಸಿನ ಮಾಲಿನಲ್ಲಿ ಇಷ್ಟು ಇಳಿತ ಬರುವುದಿಲ್ಲ, ಅಂಚಿನ ಬಳಿ ಒಮ್ಮೊಮ್ಮೆ ದಪ್ಪ ಹೆಚ್ಚುವುದೂ ಉಂಟು. ಕ್ಯಾಪನ್ನು ಕೊಯ್ಯಲಾಗದಾಗ ಉದ್ದ ದವಡೆಯ ಡಯಲ್ ಗೇಜ್ ಬಳಸುತ್ತೇನೆ.

ಗೆರೆ ನೋಡಲು ಕೋಣೆಯನ್ನು ಕತ್ತಲು ಮಾಡಿ ಟಾರ್ಚನ್ನು ತಗಡಿಗೆ ತಾಗುವಷ್ಟು ಓರೆಯಾಗಿ ಹಿಡಿಯಬೇಕು. ಮೇಲಿನಿಂದ ನೇರವಾಗಿ ಬೆಳಕು ಬಿಟ್ಟರೆ ಏನೂ ಕಾಣುವುದಿಲ್ಲ. ಅದಕ್ಕೂ ಮೊದಲು ಒಳಗಿನ ಗ್ರೀಸನ್ನು ಸೀಮೆಎಣ್ಣೆಯಲ್ಲಿ ನೆನೆಸಿ ಮೆತ್ತನೆಯ ಬ್ರಷ್‌ನಿಂದ ತೆಗೆಯಬೇಕು. ತಂತಿ ಬ್ರಷ್ ಮುಟ್ಟಿಸಿದರೆ ಹೊಸ ಗೀರುಗಳು ಬಿದ್ದು ಓದಬೇಕಾದದ್ದೆಲ್ಲ ಅಳಿಸಿಹೋಗುತ್ತದೆ.

ಇನ್ನು ಅಕ್ಷರಗಳು. ನಡುವಿನ 'ಫೋರ್ಡ್' ಬರಹವನ್ನು ಭೂತಗನ್ನಡಿ ಹಿಡಿದು ಎಷ್ಟು ಹೊತ್ತು ನೋಡಿದರೂ ಕಣ್ಣು ಮೋಸಹೋಗುತ್ತದೆ, ಏಕೆಂದರೆ ಹೊಳಪು ಅಂಚುಗಳನ್ನು ನುಂಗುತ್ತದೆ. ಅದರ ಅಚ್ಚು ತೆಗೆದು ನೋಡಬೇಕು ಎಂಬುದು ನನ್ನ ಹಟವಾಗಿತ್ತು. ಪ್ಲಾಸ್ಟರ್ ಆಫ್ ಪ್ಯಾರಿಸ್ ಬಿಡಿಸುವಾಗ ಒಡೆಯಿತು. ಎಂ-ಸೀಲ್ ಎಣ್ಣೆ ಸವರಿದ್ದರೂ ಅಂಟಿಕೊಂಡು ಅರ್ಧ ದಿನ ಕೆರೆಯುವ ಕೆಲಸ ಕೊಟ್ಟಿತು. ದಂತವೈದ್ಯರು ಬಳಸುವ ಆಲ್ಜಿನೇಟ್ ಚೆನ್ನಾಗಿ ಮೂಡಿತಾದರೂ ಕೆಲವೇ ಗಂಟೆಗಳಲ್ಲಿ ಒಣಗಿ ಕುಗ್ಗಿದ್ದರಿಂದ ಅಳತೆಗೆ ಬರಲಿಲ್ಲ. ಕೊನೆಗೆ ಗೆದ್ದದ್ದು ಅದೇ ದಂತವೈದ್ಯರ ಸಿಲಿಕೋನ್ ಪುಟ್ಟಿ. ಎರಡು ಡಬ್ಬಿಗೆ ಎರಡು ಸಾವಿರದ ಮೇಲೆ ಕೊಟ್ಟ ನೆನಪು, ಆದರೆ ಒಂದು ಜೊತೆಯಲ್ಲಿ ಬಹಳಷ್ಟು ಅಚ್ಚುಗಳು ಬರುತ್ತವೆ. ಅಚ್ಚನ್ನು ಬ್ಲೇಡಿನಿಂದ ತೆಳುವಾಗಿ ಸೀಳಿ ಭೂತಗನ್ನಡಿಯ ಕೆಳಗಿಟ್ಟರೆ ಅಕ್ಷರದ ಗೋಡೆ ಎಷ್ಟು ಕಡಿದಾಗಿದೆ, ಬುಡ ಎಷ್ಟು ದುಂಡಗಿದೆ ಎಂಬುದು ಹೊಳಪಿನ ಅಡ್ಡಿಯಿಲ್ಲದೆ ಕಾಣುತ್ತದೆ. ಜೊತೆಗೆ ಒಳಮೈಯ ಅಚ್ಚನ್ನೂ ತೆಗೆಯಬೇಕು. ಗಂಡು-ಹೆಣ್ಣು ಡೈಗಳ ನಡುವೆ ಒತ್ತಿದ ಅಕ್ಷರಕ್ಕೆ ಹಿಂಬದಿಯಲ್ಲಿ ಸರಿಸಮನಾದ ಪಡಿಯಚ್ಚು ಇರುತ್ತದೆ. ಸ್ಪಿನ್ನಿಂಗ್ ಮಾಡಿ ಆಮೇಲೆ ಕೊರೆದು ಮೂಡಿಸಿದ್ದರೆ ಹಿಂಬದಿ ಸಪಾಟಾಗಿಯೋ ಅರೆಬರೆಯಾಗಿಯೋ ಇರುತ್ತದೆ. ಖಚಿತವಾದ ಒಂದು ಅಸಲಿಯ ಅಚ್ಚನ್ನು ಮಾದರಿಯಾಗಿ ಇಟ್ಟುಕೊಂಡು ಅದರೊಡನೆ ಹೋಲಿಸುತ್ತೇನೆ. ಆ ಬರಹದಲ್ಲಿ ನಾನು ಮೊಟ್ಟಮೊದಲು ನೋಡುವ ಒಂದು ಜಾಗವಿದೆ. ಅದು ಯಾವುದೆಂದು ಇಲ್ಲಿ ಬರೆಯುವುದಿಲ್ಲ, ಬರೆದರೆ ಮುಂದಿನ ಡೈಯಲ್ಲಿ ಅದು ತಿದ್ದುಪಡಿಯಾಗಿರುತ್ತದೆ.

1928–29ರ ಚಿಕ್ಕ ಕ್ಯಾಪಿಗೆ ವರ್ನಿಯರ್ ಕ್ಯಾಲಿಪರ್ ಒಂದೇ ಸಾಕಾಗುವುದುಂಟು. ಅಸಲಿ ಕ್ಯಾಪನ್ನೇ ಮಾದರಿಯಾಗಿಟ್ಟು ಮರಳಚ್ಚಿನಲ್ಲಿ ಹಿತ್ತಾಳೆ ಎರಕ ಹೊಯ್ದು ನಿಕ್ಕಲ್ ಹೊದೆಸಿದ ನಕಲುಗಳು ಉತ್ತರದ ಕಡೆಯಿಂದ ಬರುತ್ತವೆ. ಹಿತ್ತಾಳೆ ಆರುವಾಗ ನೂರಕ್ಕೆ ಒಂದೂವರೆ ಪಾಲಿನಷ್ಟು ಕುಗ್ಗುವುದರಿಂದ ಮೂಲದಲ್ಲಿ 40 ಮಿ.ಮೀ. ಇದ್ದ ಬರಹ ನಕಲಿನಲ್ಲಿ ಅರ್ಧ ಮಿಲಿಮೀಟರಿಗಿಂತ ಹೆಚ್ಚು ಚಿಕ್ಕದಾಗಿರುತ್ತದೆ. ಕೈಗೂ ಅದು ತಗಡಿನಂತಿರದೆ ದಪ್ಪಗೆ ಒರಟಾಗಿ ಸಿಗುತ್ತದೆ.

ಇದೇ ಕ್ಯಾಪುಗಳ ಲೇಪದ ಬಗ್ಗೆ ಒಂದು ಅಡ್ಡ ಪ್ರಯೋಗವನ್ನೂ ಮಾಡಿದೆ. ನೀಲಿ ಛಾಯೆಯ ಕ್ರೋಮ್ ಹೊಳಪು ಕಂಡ ಕೂಡಲೇ ನಕಲು ಎಂದು ತಳ್ಳಿಹಾಕುವವರು ಬಹಳ, ಏಕೆಂದರೆ ನಿಕ್ಕಲ್‌ನ ಹೊಳಪು ತುಸು ಹಳದಿ ಬೆರೆತದ್ದು. ಆದರೆ ಹಳೆಯ ಮಾಲೀಕರು ಅಸಲಿ ಕ್ಯಾಪಿಗೇ ಕ್ರೋಮ್ ಹೊಡೆಸಿದ್ದಿರಬಹುದಲ್ಲವೇ? ಹಾಗೆ ತಳ್ಳಿಹಾಕಿದ್ದ ಎರಡನ್ನು ಮುನ್ನೂರು-ನಾನೂರಕ್ಕೆ ಕೊಂಡು, ಪ್ಲೇಟಿಂಗ್ ಅಂಗಡಿಯಲ್ಲಿ ಕ್ರೋಮ್ ಕರಗಿಸಿ ಮತ್ತೆ ನಿಕ್ಕಲ್ ಏರಿಸಿದೆ. ಅಂಗಡಿಯ ಖರ್ಚು ಒಂದಕ್ಕೆ ಎಂಟುನೂರರಷ್ಟಾಯಿತು. ಎರಡೂ ಅಸಲಿ, ಎರಡೂ ಈಗ ನನ್ನ ಕಪಾಟಿನಲ್ಲಿವೆ. ಪ್ಲೇಟಿಂಗ್‌ನವರು ಒಳಮೈಗೆ ಬಫ್ ಹೊಡೆಯದಿದ್ದುದರಿಂದ ಅಲ್ಲಿ ಹಳೆಯ ಗೀರುಗಳು ಕ್ರೋಮಿನ ಕೆಳಗೆ ಹಾಗೆಯೇ ಕಾಣುತ್ತಿದ್ದವು, ಕೊಂಡದ್ದೂ ಆ ಧೈರ್ಯದ ಮೇಲೆಯೇ.

ಅತ್ಯಂತ ಕಷ್ಟವಾದವು ಅಮೆರಿಕದಿಂದ ಬರುವ ಒಳ್ಳೆಯ ನಕಲುಗಳು. ಅವೂ ಪ್ರೆಸ್ಸಿನವು, ಉಕ್ಕೂ ಒಳ್ಳೆಯದು, ಅಲ್ಲಿ ಪ್ರಾಮಾಣಿಕವಾಗಿ ನಕಲು ಎಂದೇ ಮಾರಾಟವಾಗುತ್ತವೆ. ಸಾಗಣೆ, ಸುಂಕ ಸೇರಿ ಒಂದಕ್ಕೆ ಮೂರು ಸಾವಿರದ ಹತ್ತಿರ ಬೀಳುತ್ತದೆ. ಇಲ್ಲಿ ಕೈ ಬದಲಾದ ಮೇಲೆ ಅದೇ ಹತ್ತು ಸಾವಿರದ 'ಅಸಲಿ'ಯಾಗುತ್ತದೆ. ಒಳಗೆ ತಯಾರಕರ ಗುರುತಿದ್ದರೆ ಅದನ್ನು ಉಜ್ಜಿ ತೆಗೆದಿರುತ್ತಾರೆ, ಆದರೆ ಓರೆ ಬೆಳಕಿನಲ್ಲಿ ಅಷ್ಟು ಜಾಗ ಮಾತ್ರ ಹೊಂಡದಂತೆ ತೋರುತ್ತದೆ. ಗುರುತೇ ಇರದಿದ್ದವನ್ನು ಕುತ್ತಿಗೆಯ, ಎಂದರೆ ಚಕ್ರದೊಳಗೆ ಕೂರುವ ಭಾಗದ, ಸವೆತದಿಂದ ಹಿಡಿಯಬೇಕು. ದಶಕಗಳ ಕಾಲ ಚಕ್ರದೊಳಗೆ ಬಿಗಿಯಾಗಿ ಕೂತು ಅದುರಿದ ಕ್ಯಾಪಿನ ಕುತ್ತಿಗೆಯ ಸುತ್ತ ಸವೆದ ಪಟ್ಟಿಯಿರುತ್ತದೆ, ಸ್ಕ್ರೂಡ್ರೈವರ್ ಹಾಕಿ ಎಬ್ಬಿದ ತಗ್ಗುಗಳು ಒಂದರ ಮೇಲೊಂದು ಬಿದ್ದಿರುತ್ತವೆ. ಕೃತಕವಾಗಿ ಹೊಡೆದ ತಗ್ಗುಗಳು ಒಂದೇ ಆಳದವು, ಸಾಮಾನ್ಯವಾಗಿ ಅಂತರವೂ ಸಮ. ಸವೆತದ ಪಟ್ಟಿಯನ್ನು ಹುಟ್ಟಿಸುವ ದಾರಿಯನ್ನು ಇದುವರೆಗೆ ಯಾರೂ ಕಂಡುಕೊಂಡಂತಿಲ್ಲ. ನಾನೇ ಡ್ರಿಲ್ಲಿಗೆ ಸಿಕ್ಕಿಸಿ ತಿರುಗಿಸಿ ಯತ್ನಿಸಿದೆ, ಪಟ್ಟಿ ಅತಿಯಾಗಿ ಸಮನಾಗಿ ಬಂದು ತಾನೇ ತನ್ನ ಗುಟ್ಟು ಬಿಟ್ಟುಕೊಟ್ಟಿತು.

ನಂಬದವರು ಕೊನೆಗೊಮ್ಮೆ ಪರೀಕ್ಷೆ ಇಟ್ಟರು. ಮೂಲ ಖಚಿತವಾಗಿ ತಿಳಿದಿದ್ದ ಹನ್ನೆರಡೋ ಹದಿಮೂರೋ ಕ್ಯಾಪುಗಳನ್ನು ಬೆರೆಸಿ, ಹೊರಮೈಗೆ ಟೇಪ್ ಸುತ್ತಿ, ಒಂದು ಚೀಲದಲ್ಲಿ ತಂದರು. ಹನಿ, ಗೆರೆ, ಒಳಗಿನ ಅಚ್ಚು, ಕುತ್ತಿಗೆ ಇಷ್ಟರಿಂದಲೇ ಒಂದನ್ನು ಬಿಟ್ಟು ಎಲ್ಲವನ್ನೂ ಸರಿಯಾಗಿ ಬೇರ್ಪಡಿಸಿದೆ. ಒಂದರ ಒಳಮೈಯನ್ನು ಯಾರೋ ತಂತಿ ಬ್ರಷ್‌ನಿಂದ ತಿಕ್ಕಿದ್ದರಿಂದ, ಕುತ್ತಿಗೆಯನ್ನೂ ಹೊಸದಾಗಿ ತಟ್ಟಿ ಸರಿಪಡಿಸಿದ್ದರಿಂದ ಅದರ ಬಗ್ಗೆ ಏನೂ ಹೇಳಲಾರೆ ಎಂದೆ. ಮ್ಯಾಗ್ನೆಟ್ ಹಿಡಿದು ಕೂತಿದ್ದ ಗೆಳೆಯರ ಪಾಲಿಗೆ ಸರಿಬಂದವು ಅರ್ಧಕ್ಕಿಂತ ಸ್ವಲ್ಪ ಹೆಚ್ಚು.

ಅದಾದ ಮೇಲೆ ಮೈಸೂರಿನ ಮಿತ್ರರೊಬ್ಬರು ತಮ್ಮ 1930ರ ಫೇಟನ್‌ಗಾಗಿ (ತೆರೆದ ಮೈಯ ಮಾಡೆಲ್ ಎ ಕಾರು) ಚೆನ್ನೈನ ಪುದುಪೇಟೆಯಲ್ಲಿ ನಾಲ್ಕು ಕ್ಯಾಪುಗಳನ್ನು ನೋಡಿ ನನ್ನನ್ನು ಕರೆದೊಯ್ದರು. ವ್ಯಾಪಾರಿ ಕೇಳಿದ್ದು ನಾಲ್ಕಕ್ಕೆ ನಲವತ್ತು ಸಾವಿರದ ಹತ್ತಿರ. ಎರಡು ಅಸಲಿ, ಎರಡು ಸ್ಪಿನ್ನಿಂಗ್ ಮಾಲು; ಅವುಗಳಲ್ಲಿ ಒಂದರ ಮೇಲೆ ಹನಿ ಕೆಂಪಾದದ್ದನ್ನು ವ್ಯಾಪಾರಿಯೇ ಬಗ್ಗಿ ನೋಡಿದರು. ಸ್ಟೀಲ್ ಗುಜರಿಯ ನಡುವೆಯೇ ಬದುಕುವ ಅವರಿಗೆ ಆ ಕೆಂಪಿನ ಅರ್ಥವನ್ನು ನಾನು ಹೇಳಬೇಕಾಗಿರಲಿಲ್ಲ. ಎಲ್ಲ ಸೇರಿ ಹದಿನೇಳು ಸಾವಿರಕ್ಕೆ ವ್ಯಾಪಾರ ಮುಗಿಯಿತು. ಅಸಲಿ ಎರಡನ್ನು ಮುಂದಿನ ಚಕ್ರಗಳಿಗೆ, ಉಳಿದೆರಡನ್ನು ಹಿಂದಿನ ಚಕ್ರಗಳಿಗೆ ಹಾಕಿದ್ದಾರೆ. ಹಿಂದಿನ ಎರಡರ ಒಳಮೈಯಲ್ಲಿ ನಾನು ಎಂಗ್ರೇವಿಂಗ್ ಪೆನ್ನಿನಿಂದ 'ನಕಲು' ಎಂದು ಕೊರೆದುಕೊಟ್ಟಿದ್ದೇನೆ. ಮುಂದೆ ಯಾರಾದರೂ ಅದನ್ನು ಉಜ್ಜಿ ತೆಗೆದರೆ ಉಜ್ಜಿದ ಹೊಂಡವಾದರೂ ಉಳಿಯುತ್ತದೆ.