ಬಳ್ಳಾರಿ ಚಳಿಗೆ ಮಗುವಿಗೊಂದು ಕಾರ್ಡಿಗನ್

ಬಳ್ಳಾರಿಯಲ್ಲೂ ಚಳಿಯೇ ಎಂದು ಬೇರೆ ಊರಿನವರು ಕೇಳುತ್ತಾರೆ. ಧನುರ್ಮಾಸದ ನಸುಕಿನಲ್ಲಿ ಕೂಸನ್ನು ಎತ್ತಿಕೊಂಡು ಬಸ್ ನಿಲ್ದಾಣಕ್ಕೆ ಹೊರಟವರು ಹಾಗೆ ಕೇಳುವುದಿಲ್ಲ. ಆದರೆ ಹತ್ತು ಗಂಟೆಯ ಬಿಸಿಲಿಗೆ ಅದೇ ಕೂಸು ಬೆವರುತ್ತದೆ. ತಲೆಯ ಮೇಲಿಂದ ಎಳೆದು ತೆಗೆಯುವ ಸ್ವೆಟರಿಗಿಂತ ಮುಂದೆ ಗುಂಡಿ ಬಿಚ್ಚುವ ಕಾರ್ಡಿಗನ್ನೇ ನಮ್ಮ ಊರಿಗೆ ಸರಿ. ತೊಡೆಯ ಮೇಲೆ ನಿದ್ದೆ ಹೋದ ಮಗುವನ್ನು ಎಬ್ಬಿಸದೆಯೇ ಅದನ್ನು ತೆಗೆಯಬಹುದು.

ಇಲ್ಲಿರುವ ಲೆಕ್ಕ ಎರಡು ವರ್ಷದ, 21 ಇಂಚು ಎದೆಸುತ್ತಿನ ಮಗುವಿಗೆ. ಒಳಗೆ ಅಂಗಿ ಇರುತ್ತದೆ, ಕೈಯಾಡಲು ಜಾಗ ಬೇಕು. ಆದ್ದರಿಂದ ಕಾರ್ಡಿಗನ್ನಿನ ಸುತ್ತಳತೆ 24 ಇಂಚು, ಉದ್ದ 13 ಇಂಚು.

ಮೊದಲು ನೂಲಿನ ಮಾತು. ನಮ್ಮ ಜಿಲ್ಲೆಯ ಹೆಸರಿನದೇ ಕುರಿ ತಳಿ ಇದೆ. ಅದರ ಉಣ್ಣೆ ಒರಟು. ಹುಣಸೆ ಬೀಜದ ಗಂಜಿ ಕುಡಿದು ಗಟ್ಟಿಯಾದ ಕಂಬಳಿಯಾಗಿ ಅದು ಕುರಿಗಾಹಿಯನ್ನು ಮಳೆಗಾಳಿಯಲ್ಲಿ ಕಾಯುತ್ತದೆ, ಆದರೆ ಎಳೆಯ ಕುತ್ತಿಗೆಗೆ ಚುಚ್ಚುತ್ತದೆ. ಮಗುವಿಗೆ ಮೃದುವಾದ ಉಣ್ಣೆ ಅಥವಾ ಉಣ್ಣೆ ಬೆರೆತ ಡಬಲ್ ನಿಟ್ (ಮಧ್ಯಮ ದಪ್ಪದ) ನೂಲು ಕೊಳ್ಳಿ. ಅಂಗಡಿಯಲ್ಲೇ ಉಂಡೆಯನ್ನು ನಿಮ್ಮ ಕುತ್ತಿಗೆಗೆ ಒತ್ತಿ ನೋಡಿ. ಸುಮಾರು 200 ಗ್ರಾಂ ಸಾಕು. 50 ಗ್ರಾಂ ಹೆಚ್ಚಿಗೆ ತೆಗೆದಿಡಿ, ಎಲ್ಲ ಉಂಡೆಗಳ ಲೇಬಲ್ಲಿನಲ್ಲೂ ಬಣ್ಣದ ಲಾಟ್ ಸಂಖ್ಯೆ ಒಂದೇ ಇರಲಿ. ಅಕ್ರಿಲಿಕ್ ಅಗ್ಗ, ಒಗೆಯಲು ಸುಲಭ, ಆದರೆ ಬೆಂಕಿ ತಗುಲಿದರೆ ಕರಗಿ ಚರ್ಮಕ್ಕೆ ಅಂಟುತ್ತದೆ. ಸ್ನಾನದ ಹಂಡೆಗೆ ಒಲೆ ಉರಿಸುವ ಮನೆಯಾದರೆ ಇದನ್ನು ಮರೆಯಬೇಡಿ.

ಕಡ್ಡಿಗಳು ಎರಡು ಜೊತೆ: ಅಂಚಿಗೆ 10ನೇ ನಂಬರು (3.25 ಮಿ.ಮೀ.), ಉಳಿದದ್ದಕ್ಕೆ 8ನೇ ನಂಬರು (4 ಮಿ.ಮೀ.). ಈ ಹಳೆಯ ಲೆಕ್ಕದಲ್ಲಿ ನಂಬರು ಏರಿದಷ್ಟೂ ಕಡ್ಡಿ ತೆಳ್ಳಗಾಗುತ್ತದೆ.

ಈಗ ಅನೇಕರು ಬಿಟ್ಟುಬಿಡುವ ಹಂತ. 8ನೇ ನಂಬರಿನಲ್ಲಿ 30 ಕುಣಿಕೆ ಹಾಕಿ, ಒಂದು ಸಾಲು ಸೀದಾ (ನಿಟ್), ಒಂದು ಸಾಲು ಉಲ್ಟಾ (ಪರ್ಲ್) ಹೀಗೆ 5 ಇಂಚು ಮಾದರಿ ಹೆಣೆಯಿರಿ. ಎಳೆಯದೆ ಮೇಜಿನ ಮೇಲೆ ಹರಡಿ, ನಡುವಿನ 4 ಇಂಚಿನಲ್ಲಿ ಎಣಿಸಿ. 22 ಕುಣಿಕೆ, 30 ಸಾಲು ಬರಬೇಕು. 20 ಮಾತ್ರ ಬಂದರೆ ನಿಮ್ಮ ಕೈ ಸಡಿಲ, 9ನೇ ನಂಬರಿಗೆ ಹೋಗಿ. ಎರಡೇ ಕುಣಿಕೆ ತಾನೇ ಎನ್ನಬೇಡಿ. ಪೂರ್ತಿ ಸುತ್ತಿಗೆ ಅದು ಎರಡು ಇಂಚಿಗೂ ಹೆಚ್ಚು ವ್ಯತ್ಯಾಸ. ತಂಗಿಯ ಮಗಳಿಗೆಂದು ನಾನು ಹೆಣೆದ ಮೊದಲ ಕಾರ್ಡಿಗನ್ನನ್ನು ಇದೇ ಕಾರಣಕ್ಕೆ ಪೂರ್ತಿ ಬಿಚ್ಚಬೇಕಾಯಿತು. ಬಿಚ್ಚುವಾಗ ಆದ ಸಂಕಟ ಇನ್ನೂ ನೆನಪಿದೆ.

ಬೆನ್ನಿಗೆ 10ನೇ ನಂಬರಿನಲ್ಲಿ 66 ಕುಣಿಕೆ ಹಾಕಿ, ಒಂದು ಕುಣಿಕೆ ಸೀದಾ, ಒಂದು ಕುಣಿಕೆ ಉಲ್ಟಾ ಬರುವ ಅಂಚನ್ನು 2 ಇಂಚು ಹೆಣೆಯಿರಿ. 8ನೇ ನಂಬರಿಗೆ ಬದಲಿಸಿ, ಬುಡದಿಂದ 8 ಇಂಚು ಆಗುವವರೆಗೆ ಸೀದಾ ಸಾಲು, ಉಲ್ಟಾ ಸಾಲು. ಮುಂದಿನ ಎರಡು ಸಾಲುಗಳ ಆರಂಭದಲ್ಲಿ 5-5 ಕುಣಿಕೆ ಮುಚ್ಚಿದರೆ (ಒಂದರ ಮೇಲೊಂದು ದಾಟಿಸಿ ಕಡ್ಡಿಯಿಂದ ಇಳಿಸಿದರೆ) ಕಂಕುಳಿನ ಜಾಗ ಸಿಗುತ್ತದೆ. ಉಳಿದ 56ರ ಮೇಲೆ ಮತ್ತೆ 5 ಇಂಚು ಹೆಣೆದು ಎಲ್ಲವನ್ನೂ ಮುಚ್ಚಿ. ಆಚೀಚೆಯ 17-17 ಭುಜ, ನಡುವಿನ 22 ಕುತ್ತಿಗೆ.

ಮುಂಭಾಗದ ಎರಡು ತುಂಡುಗಳನ್ನು ಒಂದೇ ಕಡ್ಡಿಯಲ್ಲಿ, ಎರಡು ಉಂಡೆಗಳಿಂದ ಜೊತೆಜೊತೆಗೆ ಹೆಣೆಯಿರಿ. ಹಾಗೆ ಮಾಡಿದರೆ ಒಂದು ಉದ್ದ, ಒಂದು ಗಿಡ್ಡ ಆಗುವ ಭಯವಿಲ್ಲ. ತಲಾ 30 ಕುಣಿಕೆ, ಅಂಚು ಬೆನ್ನಿನಂತೆಯೇ. 8 ಇಂಚಿಗೆ ಕಂಕುಳಿನ ಬದಿಯಲ್ಲಿ 5 ಮುಚ್ಚಿ. ಅಲ್ಲಿಂದಲೇ ಕುತ್ತಿಗೆಯ ಬದಿಯಲ್ಲಿ ಪ್ರತಿ 4ನೇ ಸಾಲಿಗೆ ಎರಡು ಕುಣಿಕೆ ಜೋಡಿಸಿ ಒಂದು ಮಾಡುತ್ತಾ ಬನ್ನಿ, ಎಂಟು ಸಲ. ಭುಜಕ್ಕೆ 17 ಉಳಿಯುತ್ತವೆ. ಬೆನ್ನಿನ ಎತ್ತರಕ್ಕೆ ಬಂದಾಗ ಮುಚ್ಚಿ.

ತೋಳಿಗೆ 36 ಕುಣಿಕೆ, ಒಂದೂವರೆ ಇಂಚು ಅಂಚು. ನಂತರ ದಪ್ಪ ಕಡ್ಡಿಯಲ್ಲಿ ಪ್ರತಿ 4ನೇ ಸಾಲಿಗೆ ಎರಡೂ ಬದಿಯಲ್ಲಿ ಒಂದೊಂದು ಹೆಚ್ಚಿಸಿ 56 ಮಾಡಿ, ಒಟ್ಟು ಒಂಬತ್ತೂವರೆ ಇಂಚಾದಾಗ ಮುಚ್ಚಿ.

ಭುಜಗಳನ್ನು ಹೊಲಿದ ಮೇಲೆ ಗುಂಡಿಪಟ್ಟಿ. ಬುಡದಿಂದ ಬೆನ್ನಿನ ಕುತ್ತಿಗೆಯ ನಡುವಿನವರೆಗೆ ಒಂದೊಂದು ಬದಿಯನ್ನು ಬೇರೆಯಾಗಿ ಮಾಡಿ. ತೆಳು ಕಡ್ಡಿಯಲ್ಲಿ ಅಂಚಿನ ಪ್ರತಿ 4 ಸಾಲಿಗೆ 3ರಂತೆ, ಬೆನ್ನಿನ ಕುತ್ತಿಗೆಯಲ್ಲಿ 11 ಕುಣಿಕೆ ಎತ್ತಿಕೊಳ್ಳಿ. ಒಂದು ಸೀದಾ ಒಂದು ಉಲ್ಟಾ, 8 ಸಾಲು. ಹೆಣ್ಣುಮಗುವಿಗೆ ಬಲಕ್ಕೆ, ಗಂಡುಮಗುವಿಗೆ ಎಡಕ್ಕೆ ಕಾಜ ಇಡುವುದು ರೂಢಿ. 4ನೇ ಸಾಲಿನಲ್ಲಿ ಐದು ಕಡೆ, ನೂಲನ್ನು ಕಡ್ಡಿಗೆ ಒಮ್ಮೆ ಸುತ್ತಿ ಮುಂದಿನ ಎರಡು ಕುಣಿಕೆ ಜೋಡಿಸಿದರೆ ಕಾಜವಾಗುತ್ತದೆ. ಪಟ್ಟಿಯನ್ನು ಸಡಿಲವಾಗಿ ಮುಚ್ಚಿ, ಬಿಗಿಯಾದರೆ ಮುಂಭಾಗ ಮೇಲಕ್ಕೆ ಸುರುಳುತ್ತದೆ. ಎರಡು ಪಟ್ಟಿಗಳ ತುದಿಯನ್ನು ಬೆನ್ನಿನಲ್ಲಿ ಜೋಡಿಸಿ. ಆಮೇಲೆ ತೋಳು, ಕೊನೆಗೆ ಪಕ್ಕದ ಹೊಲಿಗೆ. ತೋಳಿನ ಮೇಲ್ತುದಿಯ ಒಂದು ಇಂಚು ಕಂಕುಳಲ್ಲಿ ಮುಚ್ಚಿದ ಕುಣಿಕೆಗಳ ಮೇಲೆ ಕೂರಬೇಕು.

ಜೀನ್ಸ್ ಹೊಲಿಯುವ ಊರು ನಮ್ಮದು, ಲೋಹದ ಗುಂಡಿ ಕೈಗೆ ಸಿಗುತ್ತದೆ. ಅದು ಬೇಡ, ಭಾರಕ್ಕೆ ಹೆಣಿಗೆ ಜೋಲುತ್ತದೆ. ಅರ್ಧ ಇಂಚಿನ ಹಗುರ ಗುಂಡಿ ಆರಿಸಿ, ಗಟ್ಟಿ ದಾರದಲ್ಲಿ ಹೊಲಿದು ಜಗ್ಗಿ ನೋಡಿ. ಮಗು ಬಾಯಿಗೆ ಹಾಕಿಯೇ ಹಾಕುತ್ತದೆ. ತೊಡಿಸುವ ಮೊದಲು ತಣ್ಣೀರಿನಲ್ಲಿ ಅದ್ದಿ, ಹಿಂಡದೆ ಟವೆಲಿನಲ್ಲಿ ಒತ್ತಿ, ನೆರಳಿನಲ್ಲಿ ಚಪ್ಪಟೆಯಾಗಿ ಹರಡಿ. ತಂತಿಗೆ ನೇತುಹಾಕಿದರೆ ನೀರಿನ ಭಾರಕ್ಕೆ ತೋಳುಗಳು ಉದ್ದವಾಗುತ್ತವೆ.